ಕಟ್ಟೆಯ ಮೇಲೆ ಓದಿಸಬೇಕಾದ ಕಾಗದ

ಕಕ್ಕೇರಾದ ಅಂಬ್ರಪ್ಪನವರಿಗೆ, ಹೋದ ವರ್ಷದವರೆಗೆ ನಿಮ್ಮ ಅಳಿಯನಾಗಿದ್ದ ಅಮರಪ್ಪನ ನಮಸ್ಕಾರ.

ನಿಮ್ಮ ಮಗಳು ಮೋನಮ್ಮನನ್ನು ಎರಡನೆಯ ಸಲ ಉಡಿಕಿ ಮದುವೆಗೆ ನೋಡಲು ಬಂದವರು, ಬಂಜೆಯೆಂದು ಕೇಳಿ ತಿರುಗಿ ಹೋದರಂತೆ. ಸೋಡಚೀಟಿ ಬರೆದು ನಾವು ಬೇರೆಯಾದ ದಿನ ನಿಮ್ಮೂರ ಕಟ್ಟೆಯ ಮೇಲೆ ಹಿರಿಯರೂ ಅದನ್ನೇ ಅಂದರು. ನಾನು ತಲೆ ತಗ್ಗಿಸಿ ಸುಮ್ಮನೆ ಕುಳಿತಿದ್ದೆ. ನಾಲ್ಕು ವರ್ಷ ಹಾಸಿಗೆಯಲ್ಲಿ ಗಂಡನಾಗಿರಲು ಆಗದಿದ್ದವನು ನಾನು. ಅವಳು ನಿಮಗೂ ಹೇಳಿರಲಿಕ್ಕಿಲ್ಲ. ನನ್ನ ಮರ್ಯಾದೆ ಉಳಿಯಲೆಂದು, ನಮ್ಮವ್ವ ಮಕ್ಕಳಾಗಲಿ ಎಂದು ಕುದಿಸಿ ಕೊಟ್ಟ ಬೇರಿನ ಕಷಾಯವನ್ನೆಲ್ಲ ತಾನೇ ಕುಡಿದಳು.

ಮೊನ್ನೆ ಕಾಲಿನ ಹುಣ್ಣು ಮಾಯಲಿಲ್ಲವೆಂದು ಶಹಾಪುರದ ಡಾಕ್ಟರರ ಬಳಿ ಹೋಗಿದ್ದೆ. ಸಕ್ಕರೆ ಕಾಯಿಲೆ ಎಂದರು. ಬಾಗಿಲು ಮುಚ್ಚಿ ಅದನ್ನೂ ಕೇಳಿಬಿಟ್ಟೆ. “ಅದೂ ಸಕ್ಕರಿದೇ ಕೆಲಸರಿ, ನಾಚಬ್ಯಾಡ್ರಿ. ಮೊದಲ ಬೀಡಿ ಬಿಡ್ರಿ, ಸಕ್ಕರಿ ಹತೋಟಿಗೆ ಬರ್ಲಿ, ಆಮ್ಯಾಲ ಗುಳಿಗಿ ಅದಾವ,” ಎಂದರು.

ಕಾಲುವೆಗೆ ನೀರು ಬಿಟ್ಟರೆ ಊರೆಲ್ಲ ನಾಟಿಗೆ ಹೋಗುತ್ತದೆ. ಅದಕ್ಕೂ ಮೊದಲು ಇದನ್ನು ಅದೇ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಿರಿ. ನನ್ನ ಹೆಸರು ಬಿಡಬೇಡಿರಿ.

ನಾನು ಎದ್ದಾಗ ಡಾಕ್ಟರು, “ಮುಂದಿನ ಸಲ ಮನಿಯವ್ರನ್ನೂ ಕರ್ಕೊಂಡು ಬರ್ರಿ,” ಎಂದರು. ಹೂಂ ಅಂದು ಬಂದೆ.

ಬೋನಾಳದಿಂದ,
ಅಮರಪ್ಪ