ನೀರು ಕುಡಿಸಿದ ಸುತ್ತಿಗೆ

ನಮ್ಮನೆ ಯಜಮಾನರಿಗೆ,

ಮೊನ್ನೆ ಶನಿವಾರ ನಿಮ್ಮ ಸುತ್ತಿಗೆಯ ತಲೆ ಹಾರಿಹೋಯಿತು. ನೀವು ಹೋಗುವಾಗ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದ ಮೊಮ್ಮಗಳು ಅನು, ಈಗ ಇಪ್ಪತ್ತೊಂದು ಅವಳಿಗೆ, ಬೇಸ್‌ಮೆಂಟಿನಲ್ಲಿ ಹಲಗೆಗೆ ಮೊಳೆ ಹೊಡೆದು ಕೈ ರೂಢಿ ಮಾಡಿಕೊಳ್ಳುತ್ತಿದ್ದಳು. ಮೂರನೇ ಏಟಿಗೆ ಕೈ ಹಿಂದಕ್ಕೆತ್ತಿದ್ದೇ ತಡ, ತಲೆ ಕಳಚಿಕೊಂಡು ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ತೂತು ಮಾಡಿತು. ಈ ಪರದೇಶದ ಗೋಡೆಗಳೋ, ರಟ್ಟಿಗಿಂತ ಕಡೆ. ಒಂದು ಗೇಣು ಈಚೆಗೆ ಬಂದಿದ್ದರೆ... ಬರೆಯುವುದಕ್ಕೂ ಕೈ ಬರುವುದಿಲ್ಲ. ತಪ್ಪು ನನ್ನದು.

ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಸುತ್ತಿಗೆ ಸಡಿಲವಾಗಿದೆಯೆಂದು ನಾನು ನೀರಿನಲ್ಲಿ ನೆನೆಹಾಕಿದ್ದು ನೆನಪಿದೆಯೇ? ನಮ್ಮ ತವರಿನಲ್ಲಿ ಗುದ್ದಲಿ, ಕೊಡಲಿ ಎಲ್ಲಕ್ಕೂ ಅದೇ ಮದ್ದು. ನೀವು ನೀರು ಸೋರುವ ಸುತ್ತಿಗೆಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಏನೇ, ನನ್ನ ಕೊಲ್ಬೇಕು ಅಂತ ಮಾಡಿದೀಯಾ? ನೀರು ಕುಡಿದ ಮರ ಇವತ್ತು ಉಬ್ಬುತ್ತೆ, ನಾಳೆ ಒಣಗಿ ಮೊದ್ಲಿಗಿಂತ ಸಣ್ಣಗಾಗುತ್ತೆ. ಬೆಣೆ ಹೊಡೀಬೇಕು, ಎಣ್ಣೆ ಕುಡಿಸ್ಬೇಕು" ಎಂದಿರಿ. ಎರಡು ದಿನ ನಿಮ್ಮ ಜೊತೆ ಮಾತು ಬಿಟ್ಟೆನೇ ಹೊರತು ಪಾಠ ಕಲಿಯಲಿಲ್ಲ. ಈ ಊರಿನ ಚಳಿಗಾಲದಲ್ಲಿ ಮನೆಯೊಳಗೆ ಹೀಟರು ಒಂದೇ ಸಮ ಉರಿಯುತ್ತದೆ. ನನ್ನ ಹಿಮ್ಮಡಿಯೇ ಬಿರಿಯುವಾಗ ನಿಮ್ಮ ಜಾಲಿಮರದ ಹಿಡಿ ಒಣಗದೆ ಇರುತ್ತದೆಯೇ? ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಹಚ್ಚುವುದು, ಮಿಕ್ಕ ದಿನ ಹೀಟರಿನ ಪಕ್ಕದ ಗೂಡಿಗೆ ತಳ್ಳುವುದು. ಒಂದು ತೊಟ್ಟು ಎಣ್ಣೆ ಹಾಕಿದವರಿಲ್ಲ. ಅನು ಕೇಳಿದಳೆಂದು ತೆಗೆದೆ, ತಲೆ ಅಲುಗಾಡುತ್ತಿತ್ತು, ಹಳೇ ಚಾಳಿಯಂತೆ ಬಕೆಟ್ಟಿಗೆ ಹಾಕಿದೆ. ಬಿಗಿಯಾಯಿತೆಂದು ನಾನೇ ಅವಳ ಕೈಗೆ ಕೊಟ್ಟೆ. ಮೂರು ದಿನಕ್ಕೆ ಒಣಗಿತು. ನನ್ನ ಮೇಲೆ ನನಗೇ ಹೇಸಿಗೆ.

ಕಳೆದ ದೀಪಾವಳಿಗೆ ಮೆಡೋವೇಲ್‌ನಲ್ಲಿ ಕನ್ನಡದವರೆಲ್ಲ ಸೇರಿ ಊಟ ಮಾಡಿದ ದಿನದ ಸಂಗತಿ ನಿಮಗೆ ಹೇಳಿರಲಿಲ್ಲ. ಯಾರೋ ನಮ್ಮ ಮಂಜನನ್ನು, "ನಿಮ್ ಫಾದರ್ ಏನ್ ಮಾಡ್ತಿದ್ರು?" ಎಂದು ಕೇಳಿದರು. ನೀವು ಊರವರಿಗೆಲ್ಲ ಬಾಗಿಲು, ಕಿಟಕಿ ಮಾಡಿಕೊಟ್ಟು ಓದಿಸಿದ ಮಗ, "ಫರ್ನಿಚರ್ ಬಿಸಿನೆಸ್ಸು" ಅಂದ. ಯಾವ ಬಿಸಿನೆಸ್ಸು? ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಮಂಚದ ಕಾಲು ಸರಿಮಾಡುತ್ತಿದ್ದದ್ದೇ? ಬಡಗಿ ಎಂದರೆ ಅವನ ನಾಲಿಗೆ ಸುಡುತ್ತಿತ್ತೇ? ನನ್ನ ಬಾಯಿ ತುಂಬ ಪುಳಿಯೋಗರೆ ಇತ್ತು. ಅದನ್ನು ನುಂಗುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಬೇಗ ನುಂಗಬಹುದಿತ್ತು.

ಅನು ಕಾಲೇಜು ಬಿಟ್ಟು, ಮನೆ ಕಟ್ಟುವವರ ಹತ್ತಿರ ಬಡಗಿ ಕೆಲಸ ಕಲಿಯಲು ಸೇರುತ್ತೇನೆ, ಸೋಮವಾರವೇ ಮೊದಲು, ಸುತ್ತಿಗೆ ಮಾತ್ರ ನಾನೇ ಒಯ್ಯಬೇಕು ಎಂದ ದಿನ ಮಂಜನ ಮುಖ ನೋಡಬೇಕಿತ್ತು ನೀವು.

"ಇಷ್ಟು ಓದ್ಸಿದ್ದು ಸುತ್ತಿಗೆ ಹಿಡಿಯೋಕಾ? ಜನಕ್ಕೆ ಏನಂತ ಹೇಳ್ಲಿ?"

"ಫರ್ನಿಚರ್ ಬಿಸಿನೆಸ್ಸು ಅನ್ನು," ಅಂದೆ.

"ನೀನು ಸುಮ್ನಿರಮ್ಮ!"

ಶನಿವಾರ ಗೋಡೆ ತೂತಾದ ಮೇಲೆ ಅವನಿಗೆ ಬಾಯಿ ಬಂತು. "ನೋಡಿದ್ಯಾ? ಇದಕ್ಕೇ ಬೇಡ ಅಂದಿದ್ದು. ಸೋಮವಾರ ಎಲ್ಲಿಗೂ ಹೋಗೋದ್ ಬೇಡ." ಅನು ಇಂಗ್ಲಿಷಿನಲ್ಲಿ ಏನೋ ಹೇಳಲು ಹೋಗಿ ಅರ್ಧಕ್ಕೆ ಬಿಟ್ಟು, ಕಣ್ಣೊರೆಸಿಕೊಂಡಳು. ನನ್ನ ಒಂದು ಬಕೆಟ್ ನೀರಿಗೆ ಆ ಹುಡುಗಿಯ ಕೆಲಸವೇ ಹೋಗುವುದರಲ್ಲಿತ್ತು. ಮಂಜನ ಕಡೆ ತಿರುಗಿ, "ಒಳ್ಳೇ ಸುತ್ತಿಗೆ ತಂದು ನಿನ್ನ ಕೈಲಿ ಇಡ್ತೀನಿ. ತಪ್ಪು ತೋರ್ಸು, ಅವಳು ಹೋಗಲ್ಲ. ತೋರ್ಸಕ್ಕಾಗ್ದಿದ್ರೆ ನೀನೇ ಕರ್ಕೊಂಡ್ ಹೋಗಿ ಬಿಡು," ಅಂದೆ.

ಭಾನುವಾರ ಅನು ನನ್ನನ್ನು ಸ್ಟ್ರೀಟ್ಸ್‌ವಿಲ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ನೀವಾಗಿದ್ದರೆ ಉಗಿದು ಬರುತ್ತಿದ್ದಿರಿ. ಗೋಡೆ ತುಂಬ ಸುತ್ತಿಗೆ. ಹಿಡಿಗೆಲ್ಲ ಬಣ್ಣ. ಮರದ ಗೆರೆ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಕಾಣದ ಹಾಗೆ ಬಳಿದಿದ್ದಾರೆ. ಒಂದಕ್ಕೆ ಬೆಣೆಯೇ ಇಲ್ಲ, ಅಂಟು ಸುರಿದಿದ್ದಾರೆ. ಇನ್ನೊಂದರ ಹಿಂದಿನ ಸೀಳುಬಾಯಿ ನನ್ನ ಕಿರುಬೆರಳು ತೂರುವಷ್ಟು ಅಗಲ. ತಲೆ ಮುರಿದ ಮೊಳೆಯನ್ನು ಅದರಲ್ಲಿ ಕೀಳುವುದು ಹೇಗೆ? ಥೂ. ಅಂಗಡಿಯ ಪಂಜಾಬಿ ಹುಡುಗ, "ಆಂಟೀಜಿ, ಬೇಟಿ ಕೇ ಲಿಯೇ ಯೇ ಲೋ, ಹಲ್ಕಾ ಹೈ," ಎಂದು ಹುಡುಗಿಯರಿಗೆಂದೇ ಹಗುರವಾಗಿ ಮಾಡಿದ ಗುಲಾಬಿ ಬಣ್ಣದ್ದೊಂದನ್ನು ತೆಗೆದುಕೊಟ್ಟ. "ಬೇಟಿ ಕೋ ಘರ್ ಬನಾನಾ ಹೈ, ಗೊಂಬೆಮನೆ ನಹೀ!" ಅಂದೆ. "ಅಜ್ಜಿ, ಪ್ಲೀಸ್," ಎಂದು ಅನು ಮುಖ ಮುಚ್ಚಿಕೊಂಡಳು. ಒಳಗೊಳಗೇ ನಗುತ್ತಿದ್ದಳು.

ನೀವು ಸಂತೆಯಲ್ಲಿ ಸುತ್ತಿಗೆ ಆರಿಸುತ್ತಿದ್ದದ್ದನ್ನು ನೆನೆಸಿಕೊಂಡು ಒಂದೊಂದೇ ಮಾಡಿದೆ. ಹಿಡಿಯ ತುದಿ ಹಿಡಿದು ತೂಗಾಡಿಸಿದೆ. ಒಂದು ಕಣ್ಣು ಮುಚ್ಚಿ ಸೀಳಿನಲ್ಲಿ ಬೆಳಕು ನೋಡಿದೆ. ಬುಡಕ್ಕೆ ಹೋಗುತ್ತಾ ಕೂದಲೆಳೆಯಷ್ಟಾಗಬೇಕು, ಅಲ್ಲವೇ? ಹೊಡೆಯುವ ಮುಖವನ್ನು ಅಂಗೈಯಿಂದ ಸವರಿದೆ. ನಡುವೆ ತುಸು ಉಬ್ಬು, ಅಂಚು ಚೂಪಿಲ್ಲ. ಹೀಗೆ ಹುಡುಕಿ, ತಲೆಯಿಂದ ಹಿಡಿಯ ತುದಿಯವರೆಗೂ ಒಂದೇ ಉಕ್ಕಿನಲ್ಲಿ ಬಡಿದು ಮಾಡಿದ್ದೊಂದನ್ನು ಹಿಡಿದೆ. ಕೈಯಿಡುವ ಕಡೆ ದಪ್ಪ ರಬ್ಬರು. ಕಬ್ಬಿಣದ ಹಿಡಿ ಮೊಣಕೈಗೆ ಹೊಡೆಯುತ್ತದೆ ಎನ್ನುತ್ತಿದ್ದಿರಿ, ಗೊತ್ತು. ಆದರೆ ಕಳಚಿಕೊಳ್ಳಲು ಇದರಲ್ಲಿ ಜೋಡಣೆಯೇ ಇಲ್ಲ. ಹೀಟರು ಉರಿಯಲಿ, ಮುದುಕಿ ಬಕೆಟ್ಟಿಗೆ ಹಾಕಲಿ... ಇದಕ್ಕಿಂತ ಭಾರದ್ದೂ ಇತ್ತು. ಅನು ಹತ್ತು ಹತ್ತು ಸಲ ಎರಡನ್ನೂ ಗಾಳಿಯಲ್ಲಿ ಬೀಸಿ, ಭಾರದ್ದನ್ನು ವಾಪಸು ತೂಗುಹಾಕಿದಳು. ಸಂಜೆಯವರೆಗೆ ಎತ್ತಬೇಕಲ್ಲ, ಅವಳ ಲೆಕ್ಕ ಸರಿ.

ಮನೆಗೆ ಬಂದು ಮಂಜನ ಕೈಯಲ್ಲಿಟ್ಟೆ. ಏನು ಮಾಡಿದ ಗೊತ್ತೇ? ತುದಿ ಹಿಡಿದು ತೂಗಾಡಿಸಿದ. ಒಂದು ಕಣ್ಣು ಮುಚ್ಚಿ ಸೀಳನ್ನು ಕಿಟಕಿಯ ಕಡೆಗೆತ್ತಿದ. ಅಂಗೈಯಿಂದ ಮುಖ ಸವರಿದ. ಬಿಸಿನೆಸ್ಸಿನವರು ಸುತ್ತಿಗೆಯನ್ನು ಹಾಗೆ ನೋಡುವುದಿಲ್ಲ. ತಪ್ಪು ಹುಡುಕಿ ಹುಡುಕಿ ಸೋತು, "ಬೆಳಿಗ್ಗೆ ಎಷ್ಟೊತ್ತಿಗೆ ಬಿಡ್ಬೇಕು?" ಅಂದ.

ಸೋಮವಾರ ಅವರು ಕಾರು ಹತ್ತುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹಿಮ ಎತ್ತಿಹಾಕುತ್ತಿದ್ದ ಪಕ್ಕದ ಮನೆಯವನು, ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದ. ಮಂಜ, "ಜಸ್ಟ್ ಡ್ರಾಪಿಂಗ್ ಹರ್," ಎಂದು ಗೊಣಗಿ ಸೀಟಿಗೆ ತೂರಿಕೊಂಡ. ಅಷ್ಟರಲ್ಲಿ ಆ ಕಡೆಯ ಗಾಜು ಕೆಳಗಿಳಿಯಿತು. "ಐ ಆಮ್ ಎ ಕಾರ್ಪೆಂಟರ್!" ಎಂದಳು ಅನು, ಬೀದಿಗೆಲ್ಲ ಕೇಳುವ ಹಾಗೆ. "ಲೈಕ್ ಮೈ ತಾತ!"

ನಿಮ್ಮ ಸುತ್ತಿಗೆಯ ತಲೆಗೆ ಅವಳೇ ಹೊಸ ಹಿಡಿ ಹಾಕುತ್ತಾಳಂತೆ. ಬೆಣೆ ಹೊಡೆಸುತ್ತೇನೆ, ಎಣ್ಣೆ ಕುಡಿಸುತ್ತೇನೆ; ನೀರಿನ ಹತ್ತಿರ ಸುಳಿಯಗೊಡುವುದಿಲ್ಲ. ಯುಗಾದಿಗೆ ಮತ್ತೆ ಕನ್ನಡದವರ ಊಟವಿದೆ. ಯಾರಾದರೂ ನಿಮ್ಮ ವಿಷಯ ಕೇಳಲಿ. ಈ ಸಲ ಪುಳಿಯೋಗರೆ ಬಡಿಸಿದರೂ ಎಲೆಯಲ್ಲೇ ಇರುತ್ತದೆ.