ಜೆರಾಕ್ಸ್ ಆದ ಒಪ್ಪಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಈ ಪತ್ರದ ಮೊದಲ ಮೂರು ಕರಡುಗಳಲ್ಲಿ ಒಂದು ಸಂಗತಿ ಇರಲಿಲ್ಲ. ಅದಿಲ್ಲದಿದ್ದರೆ ನನ್ನ ದೂರು ಇನ್ನೂ ಗಟ್ಟಿಯಾಗಿ ಕಾಣುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಮುಚ್ಚಿಟ್ಟಿದ್ದಕ್ಕೆ ನಿಮ್ಮನ್ನು ಪ್ರಶ್ನಿಸುವವಳು ತಾನೇ ಮುಚ್ಚಿಡುವುದು ಸರಿಯಲ್ಲ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ನನ್ನ ನಾದಿನಿಯ ಸೈನಸ್ ಶಸ್ತ್ರಚಿಕಿತ್ಸೆಗೆ ಮುಂಚೆ ನಿಮ್ಮ ಕಿವಿ-ಮೂಗು-ಗಂಟಲು ವಿಭಾಗದವರು ಕೊಟ್ಟ ಒಪ್ಪಿಗೆ ಪತ್ರವನ್ನು ಓದಿ, "ಏನಿಲ್ಲ, ಸೈನ್ ಮಾಡು" ಎಂದವಳು ನಾನು. ಪತ್ರ ಇಂಗ್ಲಿಷಿನಲ್ಲಿತ್ತು. ಅದರಲ್ಲಿದ್ದ ಒಂದು ಪದದ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ನಾನು ಬಾಯಿ ಬಿಡಲಿಲ್ಲ.

ಇನ್ನು ನನ್ನ ದೂರು. ನಾದಿನಿಯ ಮೂಗಿನೊಳಗೆ ಏನೇನು ಕತ್ತರಿಸಬೇಕು ಎಂಬುದರಲ್ಲಿ ಒಂದು ಭಾಗವನ್ನು ಅವಳೂ ತೀರ್ಮಾನಿಸಲಿಲ್ಲ, ನಿಮ್ಮ ವೈದ್ಯರೂ ತೀರ್ಮಾನಿಸಲಿಲ್ಲ, ನಿಮ್ಮ ಕಚೇರಿಯ ಜೆರಾಕ್ಸ್ ಯಂತ್ರ ತೀರ್ಮಾನಿಸಿತು ಎಂಬುದು ನನ್ನ ಅನುಮಾನ. ಇದು ಅತಿಯಾಯಿತು ಎನಿಸಿದರೆ ದಯವಿಟ್ಟು ಪೂರ್ತಿ ಓದಿ. ಅನುಮಾನ ಸುಳ್ಳೆಂದು ನೀವು ತೋರಿಸಿಕೊಟ್ಟರೆ ನನ್ನಷ್ಟು ಸಂತೋಷಪಡುವವರು ಬೇರೆ ಯಾರೂ ಇರಲಾರರು.

ನಾದಿನಿ ಒಂದು ಎಣ್ಣೆ ಗಿರಣಿಯಲ್ಲಿ ಹದಿನಾರು ವರ್ಷಗಳಿಂದ ಕೆಲಸದಲ್ಲಿದ್ದಾಳೆ. ಡ್ರಮ್ಮುಗಳಿಗೆ ಮುಚ್ಚಳ ಬೀಳುವ ಮುಂಚೆ ಒಂದೊಂದರಿಂದಲೂ ಚಮಚದಷ್ಟು ಎಣ್ಣೆ ತೆಗೆದು, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಮೂಸಿ ನೋಡಿ, ಕಮಟು ಹಿಡಿದಿದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಗಿರಣಿಯಲ್ಲಿ ಎಲ್ಲರೂ ಅವಳನ್ನು ಮೂಗಮ್ಮ ಎನ್ನುತ್ತಾರೆ. "ಬೀಡಿ ಸೇದಿದ್ರೆ ಅತ್ಲಾಗೆ ಹೋಗ್ರಪ್ಪಾ, ಮೂಗಮ್ಮ ಡ್ಯೂಟೀಲಿದ್ದಾಳೆ" ಎಂದು ಲಾರಿಯವರು ಒಬ್ಬರನ್ನೊಬ್ಬರು ಗದರಿಸುವುದನ್ನು ನಾನೇ ಕೇಳಿದ್ದೇನೆ. ಪ್ರಯೋಗಾಲಯದ ವರದಿ ಬರಲು ಅರ್ಧ ದಿನ ಬೇಕು. ಅವಳಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಐದು ವರ್ಷಗಳಿಂದ ಅವಳಿಗೆ ಮೂಗು ಕಟ್ಟುವ ತೊಂದರೆ. ಹಣೆ ಭಾರ, ಕೆನ್ನೆಯ ಮೂಳೆಯಲ್ಲಿ ನೋವು, ಗಂಟಲಿಗೆ ಇಳಿಯುವ ಕಫ. ಕಳೆದ ವರ್ಷ ವಾಸನೆಯೂ ಮಂದವಾಗತೊಡಗಿದಾಗ ಹೆದರಿ ನಿಮ್ಮಲ್ಲಿಗೆ ಬಂದಳು. ಸ್ಕ್ಯಾನ್ ಆಯಿತು. ಎರಡೂ ಕಡೆ ಪಾಲಿಪ್, ಅಂದರೆ ದ್ರಾಕ್ಷಿಯಂಥ ಮೆತ್ತನೆಯ ಗಡ್ಡೆಗಳು, ಬೆಳೆದು ಸೈನಸ್ಸಿನ ದಾರಿ ಮುಚ್ಚಿವೆ ಎಂದರು. ಇದರಲ್ಲಿ ನನಗೆ ಅನುಮಾನವಿಲ್ಲ. ಆ ಚಿತ್ರವನ್ನು ನಾನೂ ನೋಡಿದೆ.

ವೈದ್ಯರ ಕೋಣೆಯಲ್ಲಿ ನಾವಿದ್ದದ್ದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಅವರ ಫೋನ್ ಎರಡು ಸಲ ಹೊಡೆದುಕೊಂಡಿತು. "ಎಂಡೋಸ್ಕೋಪ್ ಹಾಕಿ ಕ್ಲೀನ್ ಮಾಡಿಬಿಡ್ತೀವಿ, ಹೊರಗಡೆ ಗಾಯ ಇರಲ್ಲ, ಹೆದರಬೇಡಿ. ಮಿಕ್ಕಿದ್ದು ಕೌಂಟರಲ್ಲಿ ಹೇಳ್ತಾರೆ" ಎಂದರು. ಮಿಕ್ಕಿದ್ದು ಎಂದರೆ ಏನೆಂದು ಆಗ ನಮಗೆ ಹೊಳೆಯಲಿಲ್ಲ. ಈಗ ಸ್ವಲ್ಪ ಓದಿಕೊಂಡ ಮೇಲೆ ಗೊತ್ತಾಗಿದೆ. ಹಳೆಯ ಸೈನಸ್ ತೊಂದರೆಗೆ ಶಸ್ತ್ರಚಿಕಿತ್ಸೆ ಎಂದರೆ ಒಂದೇ ಅಲ್ಲ. ಪಾಲಿಪ್ ತೆಗೆದು ಮುಚ್ಚಿದ ದಾರಿಯನ್ನು ಬಿಡಿಸುವುದು ಒಂದು. ಪುಟ್ಟ ಬಲೂನು ಹಿಗ್ಗಿಸಿ ದಾರಿ ಅಗಲ ಮಾಡುವುದು ಇನ್ನೊಂದು, ಅದು ಪಾಲಿಪ್ ಹೆಚ್ಚಿರುವವರಿಗೆ ಅಷ್ಟಾಗಿ ಹೊಂದುವುದಿಲ್ಲವಂತೆ. ಮೂಗಿನ ನಡುಗೋಡೆ ವಕ್ರವಾಗಿದ್ದರೆ ಅದನ್ನು ನೆಟ್ಟಗೆ ಮಾಡುವುದುಂಟು. ಮೂಗಿನೊಳಗಿನ ಟರ್ಬಿನೇಟ್ ಎಂಬ ಮಡಿಕೆಗಳು ಊದಿಕೊಂಡಿದ್ದರೆ ಅವನ್ನು ಕಿರಿದುಗೊಳಿಸುವುದುಂಟು. ಇವೆಲ್ಲಕ್ಕೂ ಮೊದಲು ಕೆಲವು ತಿಂಗಳು ಉಪ್ಪುನೀರಿನಿಂದ ಮೂಗು ತೊಳೆದು, ಸ್ಪ್ರೇ ಹಾಕಿ ನೋಡುವ ದಾರಿಯೂ ಇದೆ. ಯಾರಿಗೆ ಯಾವುದು ಬೇಕೆಂಬುದು ಅವರವರ ಮೂಗನ್ನು ನೋಡಿ ತೀರ್ಮಾನವಾಗಬೇಕು. ಇಷ್ಟನ್ನು ಹೇಳಲು ನನಗೆ ಒಂದು ಪ್ಯಾರಾ ಸಾಕಾಯಿತು. ನಿಮ್ಮ ವಿಭಾಗಕ್ಕೆ ಒಂದು ವರ್ಷ ಸಾಕಾಗಲಿಲ್ಲ.

ಕೌಂಟರಿನ ಗುಮಾಸ್ತರು ಎರಡು ಪುಟದ ಒಪ್ಪಿಗೆ ಪತ್ರ ಕೊಟ್ಟರು. ನಾಲ್ಕು ಬಗೆಯ ಶಸ್ತ್ರಚಿಕಿತ್ಸೆಗಳ ಎದುರು ನಾಲ್ಕು ಚೌಕಗಳು, ಅವುಗಳಲ್ಲಿ ಎರಡಕ್ಕೆ ಟಿಕ್ ಗುರುತು.

"ಏನು ಬರ್ದಿದೆ ಅತ್ತಿಗೆ?" ಎಂದಳು ನಾದಿನಿ.

"ಗಡ್ಡೆ ತೆಗೀತಾರೆ, ಮತ್ತೆ ಇನ್ನೇನೋ ಚಿಕ್ಕದು. ಎಲ್ಲಾ ಕಡೆ ಇರೋ ಮಾತೇ. ಏನಿಲ್ಲ, ಸೈನ್ ಮಾಡು."

"ನೀವು ಓದಿದ್ರಲ್ಲ, ಸಾಕು ಬಿಡಿ."

ಆ 'ಇನ್ನೇನೋ ಚಿಕ್ಕದು' ಟರ್ಬಿನೇಟ್. ಮದುವೆಯಾಗಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಇಂಗ್ಲಿಷಿನಲ್ಲಿ ಬಂದ ಕಾಗದವೆಲ್ಲ ನನ್ನ ಕೈಗೇ ಬರುತ್ತದೆ. ವಿದ್ಯುತ್ ಕಚೇರಿಯ ನೋಟಿಸು, ಮಿಕ್ಸಿಯ ಗ್ಯಾರಂಟಿ ಚೀಟಿ, ಮಾವನವರ ಎಕ್ಸ್‌ರೇ ವರದಿ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ತಿಳಿಯಲಿಲ್ಲ ಎಂದವಳಲ್ಲ. ಹಿಂದೆ ಹದಿನೈದು ಜನ ನಿಂತಿದ್ದ ಸಾಲಿನಲ್ಲಿ, ಕೌಂಟರಿನ ಗಾಜಿನ ಮುಂದೆ, ಮೊದಲ ಸಲ ಹಾಗೆನ್ನಲು ನನಗೆ ನಾಚಿಕೆಯಾಯಿತು. ಅದಕ್ಕೆ ನೀವು ಹೊಣೆಯಲ್ಲ. ಆದರೆ ರೋಗಿಯ ದೇಹದ ಮೇಲಿನ ತೀರ್ಮಾನವನ್ನು ಅವಳ ಅತ್ತಿಗೆಯ ಇಂಗ್ಲಿಷಿನ ಮೇಲೆ ಬಿಟ್ಟವರು ಯಾರು?

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ನಿಮ್ಮ ಬಿಡುಗಡೆ ಪತ್ರದಲ್ಲಿ ಹಾಗೆಂದೇ ಇದೆ, ಕೆಳಗೆ ಗೆರೆಯನ್ನೂ ಎಳೆದಿದ್ದಾರೆ. ಎರಡು ತಿಂಗಳು ಕಾದೆವು. ಮೂಗು ಒಣಗಿ ಹಕ್ಕಳೆ ಕಟ್ಟತೊಡಗಿತು. ಉಸಿರೆಳೆದರೆ ಒಳಗೆ ಉರಿ. ಎಲ್ಲಕ್ಕಿಂತ ವಿಚಿತ್ರವೆಂದರೆ, ಮೂಗು ತೆರೆದಿದ್ದರೂ ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ತೋರಿಸಲು ಹೋದಾಗ ಕಿರಿಯ ವೈದ್ಯರೊಬ್ಬರು ತಣ್ಣನೆಯ ಕನ್ನಡಿಯೊಂದನ್ನು ಅವಳ ಮೂಗಿನ ಕೆಳಗೆ ಹಿಡಿದು, ಮಂಜಾಗಿದ್ದನ್ನು ತೋರಿಸಿದರು.

"ನೋಡಿಮ್ಮಾ, ಎರಡೂ ಕಡೆ ಗಾಳಿ ಚೆನ್ನಾಗಿ ಬರ್ತಿದೆ."

"ಕನ್ನಡಿಗೆ ಗೊತ್ತಾಗ್ತಿದೆ ಡಾಕ್ಟ್ರೇ, ನನಗೆ ಗೊತ್ತಾಗ್ತಿಲ್ಲ."

ಅವರು ನಕ್ಕರು. ಮನಸ್ಸಿನದೂ ಸ್ವಲ್ಪ ಇರುತ್ತದೆ ಎಂದರು. ಹೆಂಗಸರ ಮನಸ್ಸು ಎಲ್ಲಿದೆಯೆಂದು ನಿಮ್ಮ ಆಸ್ಪತ್ರೆಯವರಿಗೆ ಇಷ್ಟು ಚೆನ್ನಾಗಿ ಗೊತ್ತಿದ್ದ ಮೇಲೆ ಸ್ಕ್ಯಾನ್ ಯಾಕೆ ಬೇಕಿತ್ತೋ. ಮುಂದಿನ ವಾರ ಗಿರಣಿಯಲ್ಲಿ ಅವಳು ಸರಿಯಿದೆ ಎಂದು ಕಳಿಸಿದ ನಾಲ್ಕು ಡ್ರಮ್ ಕಮಟು ಎಂದು ವಾಪಸ್ಸು ಬಂದವು. ಮೇಸ್ತ್ರಿ ಒಳ್ಳೆಯವರು, ಬೈಯಲಿಲ್ಲ. "ಸುಗ್ಗಿ ಮುಗಿದು ಹೊಸ ಎಣ್ಣೆ ಬರೋವರೆಗೂ ಜಾಗ ಇಟ್ಟಿರ್ತೀನಿ ತಾಯಿ, ಅಷ್ಟರಲ್ಲಿ ಮೂಗು ಸರಿ ಮಾಡ್ಕೊ" ಎಂದು ಅವಳನ್ನು ಚೀಟಿ ಅಂಟಿಸುವ ಕಡೆಗೆ ಹಾಕಿದರು. ಅಂದು ಸಂಜೆ ಅವಳು ತನ್ನ ಅಂಗೈಯನ್ನೇ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದಳು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು, ಅನುಮಾನ ಹುಟ್ಟಿದ್ದು ಅಲ್ಲಿಂದ. ಔಷಧಿ ಡಬ್ಬಿಗಳಿಗೆ ಚೀಟಿ ಮುದ್ರಿಸುವ ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತೇನೆ. ಮೂಗಿನ ಸ್ಪ್ರೇ ಒಂದರ ಮಾಹಿತಿ ಪತ್ರ ನನ್ನ ಮೇಜಿಗೆ ಬಂತು. ಅದರಲ್ಲಿ ಮೂಗಿನ ಸೀಳುಚಿತ್ರ, ಬಾಣದ ತುದಿಯಲ್ಲಿ ಆ ಪದ. ಒಳಗೆಳೆದ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಈ ಮಡಿಕೆಗಳ ಕೆಲಸ ಎಂದು ಬರೆದಿತ್ತು. 'ಇನ್ನೇನೋ ಚಿಕ್ಕದು' ಎಂದಿದ್ದೆನಲ್ಲ, ಅದು ಇದು. ಅಕ್ಷರ ತಪ್ಪು ಹುಡುಕುವುದನ್ನು ಬಿಟ್ಟು ಆ ಚಿತ್ರವನ್ನೇ ನೋಡುತ್ತಾ ಕುಳಿತೆ.

ಅಷ್ಟರಲ್ಲಿ ನೀವು ಎರಡನೆಯ ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದಿರಿ. ಪಾಲಿಪ್ ಮತ್ತೆ ಚಿಗುರಿದೆ, ತೆಗೆಯಬೇಕು ಎಂದು. ಒಪ್ಪಿಗೆ ಪತ್ರವನ್ನು ಮನೆಯಲ್ಲೇ ಸಹಿ ಮಾಡಿ ತನ್ನಿ ಎಂದು ಕೊಟ್ಟಿದ್ದಿರಿ. ಇನ್ನೂ ಯಾರೂ ತುಂಬಿರದ ಆ ಪತ್ರದಲ್ಲೂ ಎರಡು ಟಿಕ್ ಇದ್ದವು. ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿದೆ. ಹಳೆಯ ಚೀಟಿಯ ಮೇಲೆ ಹೊಸದನ್ನಿಟ್ಟು, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಿಡಿಯುತ್ತೇವೆ. ಎಲ್ಲಿ ಬದಲಾಗಿದೆಯೋ ಅಲ್ಲಿ ಎರಡು ಗೆರೆ ಕಾಣುತ್ತದೆ. ಊಟದ ಬಿಡುವಿನಲ್ಲಿ ನಾದಿನಿಯ ಹಳೆಯ ಒಪ್ಪಿಗೆಯ ಪ್ರತಿಯ ಮೇಲೆ ಹೊಸದನ್ನಿಟ್ಟು ಹಿಡಿದೆ. ಒಂದೇ ಗೆರೆ. ಅದೇ ಓರೆ, ಅದೇ ಉದ್ದ, ಬಾಲದ ಹತ್ತಿರ ಅದೇ ಶಾಯಿಯ ಚುಕ್ಕೆ. ಎಂಟು ತಿಂಗಳ ಅಂತರದಲ್ಲಿ ಒಂದು ಕೈ ಎರಡು ಸಲ ಹೀಗೆ ಬರೆಯುವುದು ಸಾಧ್ಯವಿಲ್ಲ.

ಮರುದಿನ ರಜೆ ಹಾಕಿ ನಿಮ್ಮ ಕೌಂಟರಿಗೆ ಬಂದೆ. ಗುಮಾಸ್ತರ ಪಕ್ಕದ ಕಟ್ಟಿನಲ್ಲಿದ್ದ ಹಾಳೆಗಳೆಲ್ಲಕ್ಕೂ ಅದೇ ಎರಡು ಟಿಕ್.

"ಇದು ಮೊದಲೇ ಟಿಕ್ ಆಗಿದೆಯಲ್ಲ ಸರ್?"

"ಅದಾ ಮೇಡಂ? ಖಾಲಿ ಫಾರಂ ಎಲ್ಲೋ ಕಳೆದುಹೋಯ್ತು. ಯಾರೋ ತುಂಬಿದ್ದು ಒಂದಿತ್ತು. ಹೆಸರಿನ ಜಾಗಕ್ಕೆ ಚೀಟಿ ಅಂಟಿಸಿ ಅದನ್ನೇ ಜೆರಾಕ್ಸ್ ಮಾಡಿಸಿದ್ವಿ."

"ಎಷ್ಟು ದಿನದಿಂದ?"

"ನಾನು ಬಂದಾಗಿಂದ ಇದೇ ನಡೀತಿದೆ."

"ಥಿಯೇಟರಲ್ಲಿ ಇದನ್ನ ಯಾರಾದ್ರೂ ನೋಡ್ತಾರಾ?"

"ಅಯ್ಯೋ, ಇದನ್ನೇ ಅಲ್ವಾ ನೋಡೋದು. ಪೇಶಂಟ್ ಏನೇನಕ್ಕೆ ಒಪ್ಪಿದ್ದಾರೋ ಅಷ್ಟೂ ಮಾಡ್ತಾರೆ, ಅಷ್ಟೇ ಮಾಡ್ತಾರೆ. ಅದರಲ್ಲಿ ನಮ್ಮವರು ಬಹಳ ಸ್ಟ್ರಿಕ್ಟು."

ಅವರ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ದಯವಿಟ್ಟು ಈ ಗುಮಾಸ್ತರನ್ನು ಅಮಾನತು ಮಾಡಿ ಕೈತೊಳೆದುಕೊಳ್ಳಬೇಡಿ. ನಿಜ ಹೇಳಿದವರು ಅವರೊಬ್ಬರೇ.

ನ್ಯಾಯವಾಗಿ ಮಾತಾಡಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ವಾಸನೆ ಹೋದದ್ದು ಪಾಲಿಪ್‌ನಿಂದಲೂ ಇರಬಹುದು. ಟರ್ಬಿನೇಟ್ ಕಿರಿದು ಮಾಡಿಸಿಕೊಂಡ ಬಹಳಷ್ಟು ಜನ ಸುಖವಾಗಿ ಉಸಿರಾಡುತ್ತಿರಬಹುದು. ನಾದಿನಿಗೂ ಅದು ನಿಜವಾಗಿ ಬೇಕಿತ್ತೇನೋ. ಹಾಗಿದ್ದರೆ ಅವಳ ಸ್ಕ್ಯಾನ್ ವರದಿಯಲ್ಲಿ ಅದು ಎಲ್ಲಿದೆ? ವರದಿಯನ್ನು ಹನ್ನೊಂದು ಸಲ ಓದಿದ್ದೇನೆ, ಈ ಸಲ ನಿಘಂಟು ಪಕ್ಕದಲ್ಲಿಟ್ಟುಕೊಂಡು. ಪಾಲಿಪ್ ಬಗ್ಗೆ ಆರು ಸಾಲಿದೆ. ಟರ್ಬಿನೇಟ್ ಬಗ್ಗೆ ಒಂದೇ ಸಾಲು, ಸಹಜವಾಗಿದೆ ಎಂದು. ಸಹಜವಾಗಿದ್ದುದನ್ನು ಕತ್ತರಿಸಿದ್ದು ಯಾಕೆ? ಎಷ್ಟು ಕತ್ತರಿಸಿದಿರಿ? ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿ ಎರಡು ತಿಂಗಳಲ್ಲಿ ಮೂರು ಅರ್ಜಿ ಕೊಟ್ಟೆವು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ದಾಖಲೆ ಗೋಪ್ಯ, ರೋಗಿ ಮಾತ್ರ ಕೇಳಬಹುದು ಎಂದರು. ಮೂರನೆಯದನ್ನು ನಾನು ಬರೆದೆ, ಯಾಕೆಂದು ಕೇಳದೆ ರೋಗಿಯೇ ಸಹಿ ಹಾಕಿ ಕೊಟ್ಟಳು. ಕಡತ ಸಿಗುತ್ತಿಲ್ಲವಂತೆ. ಖಾಲಿ ಫಾರಂ ಕಳೆದ ಆಸ್ಪತ್ರೆಯಲ್ಲಿ ತುಂಬಿದ ಕಡತವೂ ಕಳೆದಿದೆ. ಉಳಿದಿರುವುದು ಆ ಟಿಕ್ ಒಂದೇ.

ಆದ್ದರಿಂದ ಕೇಳುತ್ತೇನೆ. ಆ ಕಡತವನ್ನು ಹುಡುಕಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನು ನಾದಿನಿಯ ಕೈಗೆ ಕೊಡಿ. ಹೊರಗಿನ ವೈದ್ಯರೊಬ್ಬರು ಅದನ್ನು ನೋಡಿ, ಎರಡನೆಯ ಸಲ ಕತ್ತರಿಸುವುದು ಬೇಕೇ, ತೊಳೆಯುವುದು ಮತ್ತು ಸ್ಪ್ರೇ ಸಾಲದೇ ಎಂದು ಹೇಳಲಿ. ಕೌಂಟರಿನ ಆ ಕಟ್ಟನ್ನು ಇಂದೇ ತೆಗೆಸಿ, ಕನ್ನಡದಲ್ಲಿ ಹೊಸ ಪತ್ರ ಮಾಡಿಸಿ. ಅದರಲ್ಲಿ 'ಶಸ್ತ್ರಚಿಕಿತ್ಸೆ ಈಗ ಬೇಡ' ಎಂಬುದಕ್ಕೂ ಒಂದು ಚೌಕವಿರಲಿ, ಟಿಕ್ ಹಾಕುವ ಮುಂಚೆ ಕತ್ತರಿ ಹಿಡಿಯುವವರೇ ಕುಳಿತು ವಿವರಿಸಲಿ. ಹಳೆಯ ಪತ್ರಕ್ಕೆ ಸಹಿ ಹಾಕಿದ ಪ್ರತಿಯೊಬ್ಬರನ್ನೂ ಕರೆಸಿ, ಅವರ ಮೂಗನ್ನು ಅವರ ಸ್ಕ್ಯಾನಿನ ಪಕ್ಕದಲ್ಲಿಟ್ಟು ನೋಡಿ. ಅವರಲ್ಲಿ ಎಷ್ಟು ಜನರಿಗೆ ತಮ್ಮಿಂದ ಏನು ತೆಗೆದಿದ್ದಾರೆ ಎಂಬುದು ಗೊತ್ತಿದೆ?

ಮೊನ್ನೆ ನಾದಿನಿಗೆ ಎಲ್ಲ ಹೇಳಿದೆ. ಆ ಪದ ನನಗೆ ಗೊತ್ತಿರಲಿಲ್ಲ ಎಂಬುದನ್ನೂ.

"ಗೊತ್ತಿಲ್ಲ ಅಂದಿದ್ರೆ ಇಬ್ರೂ ಸೇರಿ ಕೇಳ್ತಿದ್ವಲ್ಲ ಅತ್ತಿಗೆ," ಎಂದಳು. ಆಮೇಲೆ, "ಈ ಸಲ ನಾನು ಅಡ್ಮಿಟ್ ಆಗಲ್ಲ. ಗಡ್ಡೆ ಬೆಳೆದರೆ ಬೆಳೀಲಿ. ಮೊದಲು ಅವರು ಉತ್ತರ ಕೊಡಲಿ. ನೀವು ಬರೀರಿ. ಬರೆದಿದ್ದನ್ನ ನನಗೆ ಓದಿ ಹೇಳಿ, ಒಂದು ಪದವೂ ಬಿಡಬೇಡಿ" ಎಂದಳು.

ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದಳು.

ಇಂತಿ,
ನಿಮ್ಮ ಒಪ್ಪಿಗೆ ಪತ್ರದ ಎರಡನೆಯ ಪುಟದಲ್ಲಿ
'ರೋಗಿಗೆ ವಿವರಿಸಿದ್ದಕ್ಕೆ ಸಾಕ್ಷಿ' ಎಂಬಲ್ಲಿ ಸಹಿ ಹಾಕಿದವಳು

ಅಂಚೆಗೆ ಹಾಕುವ ದಿನ: ಇದೇ ತಿಂಗಳ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಖಾಲಿ ಹೊಟ್ಟೆಯಲ್ಲಿ ಬಂದು ದಾಖಲಾಗಲು ನೀವು ಅವಳಿಗೆ ಬರೆದುಕೊಟ್ಟ ಹೊತ್ತು. ಅವಳು ತಿಂಡಿ ತಿಂದು ನನ್ನ ಜೊತೆ ಅಂಚೆ ಕಚೇರಿಗೆ ಬರುತ್ತಾಳೆ.