ಉಳಿಸಿಟ್ಟ ಆಂಟಿಬಾಡಿ

ಮಾರ್ಚ್ 4, ಬೆಳಗ್ಗೆ 9

ಹಾಲಿನ ಪುಡಿ ಕಲಸಿ, ಪ್ರೋಟೀನು ಅಂಟಿಸಿದ ಮೆಂಬ್ರೇನ್ ಹಾಳೆ ನೆನೆಹಾಕಿದ್ದಾಯಿತು. ನಾಟಕ ಕಂಪನಿಯಲ್ಲಿ ಬೆಳೆದು ಲ್ಯಾಬ್ ಟೆಕ್ನಿಷಿಯನ್ ಆದವನಿಗೆ ಲ್ಯಾಬೂ ರಂಗವೇ. ಸಾವಿರ ಪ್ರೋಟೀನುಗಳ ಗುಂಪಿನಲ್ಲಿ ಒಬ್ಬನ ಕೈಯನ್ನೇ ಹಿಡಿದು ‘ಇವನೇ’ ಎನ್ನುವ ನಾಯಕಿ — ಆಂಟಿಬಾಡಿ. ನಮ್ಮದು ಕಣ್ಣಿನ ಲೆನ್ಸಿನ ಗಾಮಾ ಪ್ರೋಟೀನನ್ನು ಹಿಡಿಯುವಂಥದ್ದು. ಹಿಡಿದರೆ ಫಿಲ್ಮಿನ ಮೇಲೆ ಕಪ್ಪು ಗೆರೆ. ಆ ಗೆರೆಯ ಮೇಲೆ ನಮ್ಮ ಲ್ಯಾಬಿನ ಹುಡುಗಿಯ — ನಾನು ಗುಬ್ಬಿ ಎನ್ನುವವಳ — ಐದು ವರ್ಷದ ಪಿಎಚ್‌ಡಿ ನಿಂತಿದೆ: ತಟ್ಟೆಯಲ್ಲಿ ಅವಳು ಬೆಳೆಸಿದ ಜೀವಕೋಶಗಳು ಗಾಮಾ ತಯಾರಿಸುತ್ತವೆ ಎಂದು. 13ಕ್ಕೆ ಥೀಸಿಸ್ ಸಲ್ಲಿಕೆ.

ಆಂಟಿಬಾಡಿಯ ಹಳೆಯ ಟ್ಯೂಬಿನ ತಳ ಕಾಣುತ್ತಿದೆ. ಹೊಸದು ಬಂದಿದೆ. ಗುಬ್ಬಿ ಕೊನೆಯದೊಂದು ಸಲ ಅದರಲ್ಲೂ ನೋಡಬೇಕಂತೆ.

ಮಾರ್ಚ್ 6

ಗೆರೆ ಬರಲಿಲ್ಲ. ಹೋಲಿಕೆಗೆಂದು ಹಾಕಿದ ಇಲಿಯ ಲೆನ್ಸಿನ ಸಾಲಿನಲ್ಲಿ ಇದ್ದಿಲಿನಂಥ ಗೆರೆ. ಗುಬ್ಬಿಯ ಸಾಲಿನಲ್ಲಿ ಶೂನ್ಯ.

“ಹೊಸ ಟ್ಯೂಬೇ ಕೆಟ್ಟಿರ್ಬೇಕು ಅಣ್ಣಾ. ವಾಪಸ್ ಕಳ್ಸಿ.”

“ಕೆಟ್ಟಿದ್ರೆ ಇಲೀದು ಹ್ಯಾಗೆ ಬಂತು ತಾಯಿ?”

“ನಿಮ್ಮ ಕೈಗುಣ,” ಎಂದು ನಕ್ಕಳು.

ನಾನು ನಗಲಿಲ್ಲ.

ಮಾರ್ಚ್ 7, ಸಂಜೆ

ಶುದ್ಧ ಗಾಮಾ ಒಂದು ಸಾಲು, ಶುದ್ಧ ಆಲ್ಫಾ ಇನ್ನೊಂದು. ಆಲ್ಫಾ ಲೆನ್ಸಿನದೇ ಬೇರೆ ಪ್ರೋಟೀನು. ಗಾತ್ರದಲ್ಲಿ ಗಾಮಾದ ಅವಳಿ, ಬೇರೆಡೆಯ ಕೋಶಗಳಲ್ಲೂ ಸಿಗುವಂಥದ್ದು. ಹಳೆಯ ಟ್ಯೂಬಿನ ಕೊನೆಯ ಹನಿಗಳನ್ನು ಹಾಕಿದೆ.

ಎರಡೂ ಕಡೆ ಗೆರೆ. ಹಳೆಯ ಟ್ಯೂಬು ಆಲ್ಫಾವನ್ನೂ ಹಿಡಿಯುತ್ತಿದೆ.

ಬಳಸಿದ ಆಂಟಿಬಾಡಿಯನ್ನು ಚೆಲ್ಲದೆ ಟ್ಯೂಬಿಗೆ ವಾಪಸ್ ಸುರಿದಿಡುವುದು — ನನ್ನ ಹೆಮ್ಮೆಯ ಕಲೆ. ನೋಟ್‌ಬುಕ್ ತೆಗೆದೆ. ಗಾಮಾ ಹಿಡಿಯುವ ಆಂಟಿಬಾಡಿ, ಆಲ್ಫಾ ಹಿಡಿಯುವ ಆಂಟಿಬಾಡಿ ಎರಡನ್ನೂ ಒಟ್ಟಿಗೆ ಬಳಸಿದ ದಿನ ಒಂದೇ: ಕಳೆದ ಜೂನ್ 14. ಎರಡು ಟ್ಯೂಬು, ಒಂದೇ ನೀಲಿ ಮುಚ್ಚಳ. ಆಲ್ಫಾದ್ದನ್ನು ಗಾಮಾದೊಳಕ್ಕೆ ಸುರಿದಿದ್ದೇನೆ.

ಗುಬ್ಬಿಗೆ ಮೊದಲ ಗೆರೆ ಬಂದದ್ದು ಜೂನ್ 20. ಅದು ಗಾಮಾ ಅಲ್ಲ, ಆಲ್ಫಾ. ಲ್ಯಾಬಿಗೆ ಲ್ಯಾಬೇ ಚಪ್ಪಾಳೆ ತಟ್ಟಿತ್ತು. ನಾನು ಎಲ್ಲರಿಗಿಂತ ಜೋರಾಗಿ.

ಮಾರ್ಚ್ 11

ಮೂರು ದಿನ ಬರೆಯಲಿಲ್ಲ. ಬಾಯಿ ಬಿಟ್ಟರೆ ಅವಳ ದುಡಿಮೆ ನೀರುಪಾಲು. ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಹಳೆಯ ಟ್ಯೂಬಿನಲ್ಲಿ ಸಾಕ್ಷಿಗೂ ಹನಿಯಿಲ್ಲ.

“ಊಟದ ತಟ್ಟೆ ಮುಂದೆ ಕೂತು ಯಾವ ಪಾತ್ರ ಕಟ್ತಿದೀರಿ?” ಎಂದಳು ಹೆಂಡತಿ. ಎಲ್ಲ ಹೇಳಿದೆ.

“ಹೊಸ ಟ್ಯೂಬೇ ಕೆಟ್ಟಿದೆ ಅಂತ ಆ ಹುಡುಗಿ ನಂಬಿದಾಳೆ, ಅಲ್ವಾ?”

“ಹೂಂ.”

“ನೀವು?”

ತಟ್ಟೆ ಸರಿಸಿ ಎದ್ದೆ.

ಮಾರ್ಚ್ 12, ಬೆಳಗ್ಗೆ 8:40

ಗುಬ್ಬಿ ಬೈಂಡ್ ಮಾಡಿಸಿದ ಥೀಸಿಸ್ ಎದೆಗವಚಿಕೊಂಡು ಬಂದಳು. 7ರ ಫಿಲ್ಮ್ ಮುಂದಿಟ್ಟೆ. ರಂಗದ ಮೇಲೆ ಮೈಕಿಲ್ಲದೆ ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಗಂಟಲು. ಒಬ್ಬಳಿಗೆ ಕೇಳಿಸಲು ಎರಡು ಸಲ ಹೇಳಬೇಕಾಯಿತು.

“ಜೂನ್‌ನಿಂದಾನಾ?”

“ಹೂಂ ತಾಯಿ.”

“ಒಂಬತ್ತು ತಿಂಗಳು. ನಾಲ್ಕು ಹನಿ ಉಳಿಸೋಕೆ.”

ಗೈಡ್ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

11:10

ಹೊರಬಂದಳು. ಕಣ್ಣು ಕೆಂಪು. ಸಲ್ಲಿಕೆ ಆರು ತಿಂಗಳು ಮುಂದಕ್ಕೆ. ನನ್ನ ಬಗ್ಗೆ ಮೇಡಂ ಏನೆಂದರೋ... ಕೇಳಲಿಲ್ಲ. ಕ್ಷಮೆಗೆ ದೊಡ್ಡ ದೊಡ್ಡ ಮಾತು ಜೋಡಿಸಿಟ್ಟುಕೊಂಡಿದ್ದೆ. ಕೈಯೆತ್ತಿ ತಡೆದಳು.

“ಹೊಸದನ್ನ ತೆಗೀರಿ. ಮೊದ್ಲಿಂದ ಮಾಡೋಣ. ಬಳಸಿ ಮಿಕ್ಕಿದ್ದನ್ನ ನನ್ ಕಣ್ಣೆದುರೇ ಸಿಂಕಿಗೆ ಸುರೀಬೇಕು ಅಣ್ಣಾ.”

ಅಣ್ಣಾ ಎಂದಳು. ಇನ್ನೂ. ಆಗಲೇ ಗ್ಲೌಸ್ ಹಾಕಿಕೊಂಡು ಕಾಯುತ್ತಿದ್ದಾಳೆ, ಹೋಗಬೇಕು—